ಪೂರ್ತಿ ದೊಡ್ಡದಾದ ದೀಪ

ಬುಧವಾರ ಬೆಳಿಗ್ಗೆ ಶ್ರೀಲಕ್ಷ್ಮಿ ಲ್ಯಾಬಿನ ಬೀಗ ತೆಗೆದು ಒಳಗೆ ಬಂದಾಗ, ಮೂಲೆಯ ಪೆಟ್ಟಿಗೆಯ ಮೇಲೆ ಯಾವಾಗಲೂ ಹಸಿರಾಗಿರುವ ಲೈಟು ಕೆಂಪಾಗಿತ್ತು.

ಆ ಪೆಟ್ಟಿಗೆ ಒಂದು ರುಬಿಡಿಯಂ ಆಸಿಲೇಟರ್. ಹಳೆಯ ವಿಸಿಆರ್‌ನಷ್ಟು ದೊಡ್ಡದು, ತೂಕ ಅದಕ್ಕಿಂತ ಹೆಚ್ಚು. ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುವ ವಿದ್ಯುತ್ ಸಂಕೇತವನ್ನು ಹೊರಗೆ ಕೊಡುವುದೊಂದೇ ಅದರ ಕೆಲಸ. ಆ ಮಿಡಿತ ಹುಟ್ಟುವುದು ಒಂದು ಕ್ವಾರ್ಟ್ಜ್ ಹರಳಿನಿಂದ. ಹರಳು ಕಾಲಕ್ರಮೇಣ ಅತ್ತಿತ್ತ ಸರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ರುಬಿಡಿಯಂ. ಪೆಟ್ಟಿಗೆಯೊಳಗೆ ಬೆರಳ ತುದಿಯಷ್ಟು ಚಿಕ್ಕ ರುಬಿಡಿಯಂ ದೀಪವಿದೆ. ಅದರ ಬೆಳಕು ರುಬಿಡಿಯಂ ಆವಿ ತುಂಬಿದ ಗಾಜಿನ ಕೋಶವನ್ನು ಹಾದು ಹೋಗುತ್ತದೆ. ಹರಳಿನ ಮಿಡಿತ ಕರಾರುವಾಕ್ಕಾಗಿದ್ದಾಗ ಮಾತ್ರ ಆ ಬೆಳಕು ಒಂದು ಕೂದಲೆಳೆಯಷ್ಟು ಮಂಕಾಗುತ್ತದೆ. ಬೆಳಕನ್ನು ವೋಲ್ಟೇಜಾಗಿ ಅಳೆದು ಆ ಮಂಕನ್ನು ಕಾಯುತ್ತ ಕುಳಿತ ಸರ್ಕಿಟ್ಟು ಹರಳನ್ನು ಅಲ್ಲೇ ಹಿಡಿದಿಡುತ್ತದೆ. ಇದಕ್ಕೆ ಲಾಕ್ ಎನ್ನುತ್ತಾರೆ. ಲಾಕ್ ಇದ್ದರೆ ಹಸಿರು, ತಪ್ಪಿದರೆ ಕೆಂಪು.

ಲ್ಯಾಬು ಇರುವುದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಒಂದು ಬಣ್ಣದ ಕಾರ್ಖಾನೆಯ ಹಿಂಬದಿಯ ಮಳಿಗೆಯಲ್ಲಿ, ಅಲ್ಲಿನವರು ಗಾಲಾ ಎನ್ನುವುದರಲ್ಲಿ. ಬೇರೆಯವರ ಅಳತೆಯ ಉಪಕರಣಗಳನ್ನು ಅಳೆದು, ಸರಿಯೋ ತಪ್ಪೋ ಎಂದು ಬರೆದುಕೊಡುವುದು ಅದರ ವ್ಯವಹಾರ. ಹೋಟೆಲುಗಳ ಕೋಲ್ಡ್ ರೂಮಿನ ಥರ್ಮಾಮೀಟರು, ಉಲ್ಹಾಸನಗರದ ಅಂಗಡಿಗಳ ತಕ್ಕಡಿ, ಕಾರ್ಖಾನೆಗಳ ಪ್ರೆಶರ್ ಗೇಜು, ಇವೆಲ್ಲ ಶ್ರೀಲಕ್ಷ್ಮಿಯ ಅಪ್ಪ ರಘುಪತಿಯವರ ಪಾಲು. ಎ.ಸಿ. ಹಾಕಿದ ಮೂಲೆಯ ಫ್ರೀಕ್ವೆನ್ಸಿ ಬೆಂಚು ಅವರ ಪಾಲುದಾರ ಭೀಮು ಅವರದು. ಐರೋಲಿಯ ಕಂಪನಿಯೊಂದರ ಕೆಲಸ ಬಿಟ್ಟು ಶ್ರೀಲಕ್ಷ್ಮಿ ಇಲ್ಲಿಗೆ ಬಂದದ್ದು ಆ ಬೆಂಚಿಗಾಗಿ. ಅಲ್ಲಿಗೆ ಬರುವ ಮೀಟರುಗಳನ್ನೆಲ್ಲ ಈ ಪೆಟ್ಟಿಗೆಯ ಜೊತೆಗೆ ಹೋಲಿಸಿಯೇ ಪರೀಕ್ಷಿಸುವುದು. ಪೆಟ್ಟಿಗೆ ಇಲ್ಲದಿದ್ದರೆ ಬೆಂಚು ಇಲ್ಲ.

ರಘುಪತಿ ಬಂದು, ಚಪ್ಪಲಿ ಬಿಟ್ಟು, ಕೆಂಪು ಲೈಟನ್ನು ನೋಡಿದರು.

"ಹೋಯ್ತಾ?"

"ಲಾಕ್ ಹೋಗಿದೆ ಅಪ್ಪ. ಮೆಷಿನ್ ಹೋಗಿಲ್ಲ."

"ಎರಡೂ ಒಂದೇ ಮಾರಾಯ್ತಿ. ಇಪ್ಪತ್ತು ವರ್ಷ ಆಯ್ತು ಅದಕ್ಕೆ. ನಿನಗಿಂತ ನಾಲ್ಕೇ ವರ್ಷ ಸಣ್ಣದು."

"ಮಗ್ ಮೀ ಪಣ್ ಸ್ಕ್ರ್ಯಾಪ್ ಕಾ?" ಹಾಗಾದರೆ ನಾನೂ ಗುಜರಿಗಾ ಎಂದು ಅವಳು ಮರಾಠಿಯಲ್ಲಿ ಕೇಳಿದಳು. ಅಪ್ಪನ ಜೊತೆ ಜಗಳ ಶುರುವಾಗುವಾಗ ಅವಳಿಗೆ ಮರಾಠಿಯೇ ಬರುವುದು.

ರಘುಪತಿ ನಗಲಿಲ್ಲ. ಸೋಮವಾರ ಲ್ಯಾಬಿನ ಮಾನ್ಯತೆಯ ನವೀಕರಣಕ್ಕೆ ಪರೀಕ್ಷಕರು ಬರುವವರಿದ್ದರು. ಯಾವ ಯಾವ ಅಳತೆಗೆ ಮಾನ್ಯತೆ ಬೇಕು ಎಂಬುದನ್ನು ಅಂದು ಅವರ ಮುಂದೆ ಖಚಿತಪಡಿಸಬೇಕು.

"ಸೋಮವಾರದ ಒಳಗೆ ಹಸಿರು ಆಗದಿದ್ರೆ ಫ್ರೀಕ್ವೆನ್ಸಿ ಬಿಟ್ಟುಬಿಡುವ," ಎಂದರು. "ಹೊಸತು ತರ್ಲಿಕ್ಕೆ ಆಗುದಿಲ್ಲ. ಆ ಬೆಂಚು ಅಷ್ಟು ದುಡಿಯುದಿಲ್ಲ. ನೀನು ನನ್ನ ಜೊತೆ ಥರ್ಮಾಮೀಟರ್ ನೋಡು. ಇಲ್ಲದಿದ್ರೆ ಐರೋಲಿ ಉಂಟಲ್ಲ."

ಅವರು ಕೋಪದಿಂದ ಹೇಳಿದ್ದಲ್ಲ. ತಕ್ಕಡಿಯ ಬಟ್ಟಿನ ಪೆಟ್ಟಿಗೆ ಎತ್ತಿಕೊಂಡು ಉಲ್ಹಾಸನಗರಕ್ಕೆ ಹೊರಟೇಬಿಟ್ಟರು.

ಭೀಮು ಇದ್ದಿದ್ದರೆ ಮಾತು ಬೇರೆಯಿತ್ತು. ಅವರು ವಿಜಯಪುರದ ಇಂಡಿ ಕಡೆಯವರು. ದೂರವಾಣಿ ಇಲಾಖೆಯಲ್ಲಿ ಎಂಜಿನಿಯರಾಗಿ ಮೂರು ದಶಕ ಕಲ್ಯಾಣದಲ್ಲೇ ಕಳೆದು, ನಿವೃತ್ತಿಯ ನಂತರ ರಘುಪತಿಯವರ ಜೊತೆ ಸೇರಿದ್ದರು. ಆದರೆ ಎರಡು ದಿನದ ಹಿಂದೆಯಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕುಳಿತಿದ್ದರು. ಶ್ರೀಲಕ್ಷ್ಮಿ ಇಡೀ ದಿನ ಮುಚ್ಚಳ ತೆಗೆದು ಅಳೆದಳು. ಸಂಜೆ ಅವರಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ ಬೆಂಚಿನ ಮೇಲಿಟ್ಟಳು.

"ಕಾಕಾ, ಲಾಕ್ ಗಯಾ."

"ಸತ್ತಿಲ್ಲಲ್ಲ. ಸತ್ತದ್ದ ಬ್ಯಾರೆ, ದಾರಿ ತಪ್ಪಿದ್ದ ಬ್ಯಾರೆ. ಹರಳು ನೋಡಿದೇನ?"

"ನೋಡಿದೆ. ಎರಡೂ ಕಡೆ ಹುಡುಕ್ತಾ ಇದೆ. ರೇಂಜ್ ಒಳಗೇ ಇದೆ."

"ಹಂಗಾದ್ರ ಹರಳು ಪಾಸ್. ಬೆಳಕಿನ ವೋಲ್ಟೇಜು?"

"ಹೋದ ವರ್ಷದ ಅರ್ಧ."

ಭೀಮು ಅವರ ಹಿಂದೆ ಟಿವಿಯ ಸದ್ದು, ಅವರ ಹೆಂಡತಿ ಯಾರಿಗೋ ಹಾಲಿನ ಬಗ್ಗೆ ಹೇಳುವ ಸದ್ದು ಕೇಳಿಸಿತು.

"ಹಂಗಾದ್ರ ದೀಪಾನ," ಎಂದರು. "ನೋಡವಾ, ಎಲ್ಲಾರೂ ಏನಂತಾರ, ರುಬಿಡಿಯಂ ಖಾಲಿ ಆತು, ಆಯುಷ್ಯ ಮುಗೀತು ಅಂತಾರ. ಒಂದೀಟು ಗಾಜಿನಾಗ ಇಂಗ್ತೈತಿ, ಖರೆ. ಆದ್ರ ಬಾಳ ಸಲ ಖಾಲಿ ಆಗಿರಂಗಿಲ್ಲ. ಜಾಗಾ ತಪ್ಪಿರ್ತೈತಿ. ಹಿಂದಿನ ತುದ್ಯಾಗ ಕೂಡಬೇಕಾದ್ದು ಮುಂದಿನ ಗಾಜಿಗೆ ಬಂದು ಅಂಟಿಕೊಂಡಿರ್ತೈತಿ. ಮಳಿಗಾಲದಾಗ ಬಸ್ಸಿನ ಗಾಜು ಮಬ್ಬ ಆಗ್ತೈತಲ್ಲ, ಹಂಗ. ದೀಪ ಉರೀತಿರ್ತೈತಿ, ಬೆಳಕು ಹೊರಗ ಬರಂಗಿಲ್ಲ."

"ಮತ್ತೆ ಉಪಾಯ?"

"ಕಾಯಿಸಬೇಕು. ಕಾಯಿಸಿದ್ರ ಮುಂದಿಂದು ಆವಿ ಆಗಿ ಹಿಂದ ಹೋಗಿ ಕೂಡ್ತೈತಿ."

"ಹೀಟ್ ಗನ್ ಇದೆ. ಈಗಲೇ ಮಾಡ್ಲಾ?"

"ಹೀಟ್ ಗನ್ ಮುಟ್ಟಬ್ಯಾಡ. ಒಂದ ಕಡಿ ಜಾಸ್ತಿ ಕಾದು ಗಾಜು ಸೀಳ್ತು ಅಂದ್ರ ಅಂಥಾ ದೀಪ ಎಲ್ಲೂ ಸಿಗಂಗಿಲ್ಲ. ಅದನ್ನ ಮಾಡಿದ ಕಂಪನೀನ ಈಗಿಲ್ಲ. ಶನಿವಾರ ಡಾಕ್ಟರು ನೋಡ್ತಾರ, ಆಮ್ಯಾಲ ನಾನ ಬಂದು ಮಾಡ್ತೀನಿ. ಹೊತ್ತಾತು. ನೀ ಈಗ ದೀಪಾ ದೊಡ್ಡದ ಮಾಡಿ ಮನೀಗೆ ಹೋಗು."

ಶ್ರೀಲಕ್ಷ್ಮಿ ಪೆಟ್ಟಿಗೆಯೊಳಗೆ ನೋಡಿದಳು. ದೀಪಕ್ಕೆ ಹೋಗುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಲು ಸರ್ಕಿಟ್ಟಿನ ಅಂಚಿನಲ್ಲಿ ಒಂದು ಚಿಕ್ಕ ತಿರುಪು ಇತ್ತು. ಹೀಟ್ ಗನ್ನಿನ ಬಿಸಿಗಾಳಿ ಹೊರಗಿನಿಂದ ಒಂದೇ ಕಡೆ ಕಾಯಿಸುತ್ತದೆ. ದೀಪವನ್ನೇ ದೊಡ್ಡದು ಮಾಡಿದರೆ ಅದು ತಾನೇ ಒಳಗಿನಿಂದ ಸಮನಾಗಿ ಕಾಯುತ್ತದೆ. ಕಾಕಾನ ತಲೆಯೇ ತಲೆ ಎಂದು ಅವಳಿಗೆ ಅನ್ನಿಸಿತು.

"ಎಷ್ಟು ದೊಡ್ಡದು ಮಾಡ್ಲಿ ಕಾಕಾ?"

"ಎಷ್ಟ ಅಂದ್ರ?"

"ಮತ್ಲಬ್, ಅರ್ಧ? ಪೂರ್ತಿ?"

"ಅರ್ಧ ಮಾಡಾಕ ಬರ್ತೈತೇನ ಹುಚ್ಚಿ? ಪೂರ್ತಿ ಮಾಡು. ಮತ್ತ ಮುಚ್ಚಳ ಹಾಕು, ಧೂಳ ಬೀಳ್ತೈತಿ."

ಅವಳು ಮೊದಲು ಬಿಳಿ ಪೇಂಟ್ ಪೆನ್ನಿನಿಂದ ತಿರುಪಿನ ಮೇಲೂ ಅದರ ಪಕ್ಕದ ಬೋರ್ಡಿನ ಮೇಲೂ ಸೇರಿಸಿ ಒಂದು ಸಣ್ಣ ಗೆರೆ ಎಳೆದಳು. ಯಾವ ತಿರುಪನ್ನೂ ಗೆರೆ ಎಳೆಯದೆ ಮುಟ್ಟಬಾರದೆಂದು ಭೀಮು ಮೊದಲ ವಾರವೇ ಹೇಳಿಕೊಟ್ಟಿದ್ದರು. ಆಮೇಲೆ ಕೊನೆಯವರೆಗೆ ತಿರುಗಿಸಿದಳು. ದೀಪದ ಗೂಡಿನ ರಂಧ್ರದಲ್ಲಿ ಕಾಣುವ ನಸುಗೆಂಪು ನೇರಳೆ ಬೆಳಕು ಗಾಢವಾಯಿತು. ಮುಚ್ಚಳ ಹಾಕಿ, ಬೀಗ ಹಾಕಿ ಮನೆಗೆ ಹೋದಳು.

ಗುರುವಾರ ಬೆಳಿಗ್ಗೆ ಮುಚ್ಚಳದ ಮೇಲೆ ಕೈ ಇಡಲಾಗಲಿಲ್ಲ. ದೋಸೆ ಕಾವಲಿಯ ಹಾಗೆ ಕಾದಿತ್ತು. ಲೈಟು ಕೆಂಪೇ. ಬೆಳಕಿನ ವೋಲ್ಟೇಜು ನಿನ್ನೆಗಿಂತಲೂ ಕೆಳಗಿಳಿದಿತ್ತು. ಅವಳು ಮೀಟರಿನ ವೈರು ಬದಲಿಸಿ ಮತ್ತೊಮ್ಮೆ ಅಳೆದಳು. ಅಷ್ಟೇ ತೋರಿಸಿತು.

ರಘುಪತಿ ಆಗಲೇ ಬಂದು ಹಿಂದೆ ನಿಂತಿದ್ದರು. ಅವಳು ಭೀಮು ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಕಾಕಾ, ಕಮ್ಮಿಯಾಗಿದೆ. ನೀವು ಹೇಳಿದ ಹಾಗೇ ಮಾಡಿದ್ದೆ. ರಾತ್ರಿಯೆಲ್ಲ ಫುಲ್ ಇತ್ತು."

"ಏನ ಫುಲ್ ಇತ್ತು?"

"ದೀಪ. ಪೂರ್ತಿ ದೊಡ್ಡದು ಮಾಡು ಅಂದ್ರಲ್ಲ."

ಭೀಮು ನಿಧಾನವಾಗಿ ಕೇಳಿದರು: "ಯವ್ವಾ, ನೀ ಖರೇನ ದೊಡ್ಡದ ಮಾಡಿದೇನ?"

"ಮತ್ತೆ?"

"ದೀಪಾ ದೊಡ್ಡದ ಮಾಡು ಅಂದ್ರ ಆರಿಸು ಅಂತ."

ಶ್ರೀಲಕ್ಷ್ಮಿ ಅಪ್ಪನ ಮುಖ ನೋಡಿದಳು. ಅಪ್ಪ ಫೋನಿನ ಮುಖ ನೋಡುತ್ತಿದ್ದರು.

"ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ," ಎಂದರು ಭೀಮು. "ನಾ ಬರ್ತೀನಿ."

"ಎಲ್ಲಿಗೆ ಬರ್ತೀರಿ?" ಎಂದು ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು. ಫೋನ್ ಕಟ್ಟಾಯಿತು.

ಕಲ್ಯಾಣ ಶೀಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅವರು ಬರುವಷ್ಟರಲ್ಲಿ ಎರಡು ಸುತ್ತು ಚಹಾ ಮುಗಿದಿತ್ತು. ರಿಕ್ಷಾದಿಂದ ಮೊದಲು ಇಳಿದವರು ಹೆಂಡತಿ, ಶ್ರೀಲಕ್ಷ್ಮಿ ಕಾಕು ಎಂದು ಕರೆಯುವವರು. ಆಮೇಲೆ ಅವರ ಕೈ ಹಿಡಿದು, ಕಪ್ಪು ಕನ್ನಡಕದ ಭೀಮು.

"ನೋಡ್ರಿ ರಘುಪತಿಯವರ," ಎಂದು ಕಾಕು ಬಾಗಿಲಲ್ಲೇ ದೂರು ಕೊಟ್ಟರು. "ಬಗ್ಗಬ್ಯಾಡ ಅಂದಾರ ಡಾಕ್ಟರು, ಧೂಳಿಗೆ ಹೋಗಬ್ಯಾಡ ಅಂದಾರ. ಅವ್ರ ಮುಂದ ಮೂಗಬಸವಣ್ಣನಂಗ ತಲಿ ಹಾಕಿ, ಈಗ ರಿಕ್ಷಾ ಕರೀ ಅಂತಾರ."

"ಬಗ್ಗಂಗಿಲ್ಲ. ಕುರ್ಚಿ ಮ್ಯಾಲ ಕೂಡ್ತೀನಿ. ಬಗ್ಗಾಕ ಇಕಿ ಇದ್ದಾಳ," ಎಂದು ಭೀಮು ಶ್ರೀಲಕ್ಷ್ಮಿಯ ಕಡೆ ಕೈ ತೋರಿಸಿದರು.

ರಘುಪತಿ ಕುರ್ಚಿ ತಂದಿಟ್ಟು, ತಡೆದುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟರು. "ಅಲ್ಲ ಭೀಮಣ್ಣ, ಆರಿಸು ಅಂತ ಹೇಳ್ಲಿಕ್ಕೆ ಎಂತ ಕಷ್ಟ ನಿಮಗೆ?"

"ದೀಪಾ ಹಚ್ಚೋ ಹೊತ್ತಿನ್ಯಾಗ ಆರಿಸು ಅನ್ನಬಾರದ್ರಿ. ಹಂಗ ಅಂದ್ರ ನಮ್ಮವ್ವ ಬಡೀತಿದ್ಲು. ದೊಡ್ಡದ ಮಾಡು ಅನ್ನೋದ ನಮ್ಮ ಕಡೆ ರೂಢಿ."

"ದೇವರ ದೀಪಕ್ಕೆ ಸರಿ. ಇದಕ್ಕೂ?"

"ಇಪ್ಪತ್ತ ವರ್ಷ ಉರದೈತಿ. ಇದಕ್ಕ ಬ್ಯಾರೆ ಮಾತು ಹೆಂಗ ಬರ್ತೈತಿ ಬಾಯಾಗ?"

"ಪೂರ್ತಿ ಅಂದದ್ದು ಯಾಕೆ ಕಾಕಾ?" ಎಂದಳು ಶ್ರೀಲಕ್ಷ್ಮಿ.

"ಅರ್ಧ ಆರಿಸಾಕ ಬರ್ತೈತೇನ?"

"ನಾ ಅಲ್ಲೇ ಕುಂತಿದ್ದೆ," ಎಂದರು ಕಾಕು. "ಅವ್ರು ಸರಿಯಾಗೇ ಹೇಳ್ಯಾರ." ಬೆಳಿಗ್ಗೆಯಿಂದ ಗಂಡನ ಪರವಾಗಿ ಅವರು ಆಡಿದ ಮೊದಲ ಮಾತು ಅದು.

ಭೀಮು ಕುರ್ಚಿಯಲ್ಲಿ ಕುಳಿತು ಕೆಲಸದ ಪ್ರಶ್ನೆಗಳನ್ನು ಕೇಳತೊಡಗಿದರು. ದೀಪ ಉರಿಯುತ್ತಿದೆಯೇ? ಉರಿಯುತ್ತಿದೆ. ಬಣ್ಣ? ನಿನ್ನೆಗಿಂತ ಕೆಂಪು ಹೆಚ್ಚು. ಗಾಜಿನಲ್ಲಿ ಬಿರುಕು? ಕಾಣುತ್ತಿಲ್ಲ.

"ಕಾದದ್ದು ಜಾಸ್ತಿ ಆಗೈತಿ," ಎಂದರು. "ಆವಿ ದಟ್ಟ ಆದ್ರ ತನ್ನ ಬೆಳಕನ್ನ ತಾನ ನುಂಗ್ತೈತಿ. ಅದಕ್ಕ ವೋಲ್ಟೇಜು ಇಳದೈತಿ. ದೀಪ ಕೆಟ್ಟೈತಿ ಅಂತ ಇನ್ನೂ ಹೇಳಾಕ ಬರಂಗಿಲ್ಲ. ತಿರುಪು ಮೊದಲ ಎಲ್ಲಿತ್ತು? ಗೊತ್ತೈತೇನ?"

"ಗೆರೆ ಹಾಕಿದ್ದೇನೆ."

ರಘುಪತಿ ಬಗ್ಗಿ ನೋಡಿದರು. ತಿರುಪಿನ ತಲೆಯ ಮೇಲೆ ಅರ್ಧ, ಬೋರ್ಡಿನ ಮೇಲೆ ಅರ್ಧ, ಕೂದಲಿನಷ್ಟು ಸಣ್ಣ ಬಿಳಿ ಗೆರೆ. ತಕ್ಕಡಿಯ ಬಟ್ಟುಗಳನ್ನು ಚಿಮಟದಿಂದ ಮಾತ್ರ ಎತ್ತುವ ಮನುಷ್ಯ ಅವರು. ಹೊರಡಬೇಕಿದ್ದ ಥಾಣೆಯ ಕೆಲಸಕ್ಕೆ ಫೋನ್ ಮಾಡಿ ನಾಳೆ ಬರುತ್ತೇನೆಂದರು.

"ಒಮ್ಮೆಲೆ ಇಳಿಸಬ್ಯಾಡ," ಎಂದರು ಭೀಮು. "ದೀಪದ ಹಿಂಬದಿ ಲೋಹಕ್ಕ ತಾಗೈತಿ, ಅದು ಮೊದಲ ತಣ್ಣಗಾಗಬೇಕು. ತಣ್ಣಗಿದ್ದ ಕಡೀನ ರುಬಿಡಿಯಂ ಹೋಗಿ ಕೂಡೋದು. ಗಡಬಡಿ ಮಾಡಿದ್ರ ಮತ್ತ ಮುಂದಿನ ಗಾಜಿಗೆ ಬರ್ತೈತಿ."

ಅವಳು ತಿರುಪನ್ನು ಸ್ವಲ್ಪ ಇಳಿಸಿದಳು, ಕಾದಳು. ಮತ್ತೆ ಸ್ವಲ್ಪ ಇಳಿಸಿದಳು. ಕಾಕು ಡಬ್ಬಿ ತೆರೆದು ಶೇಂಗಾ ಚಟ್ನಿ ರೊಟ್ಟಿ ಎಲ್ಲರಿಗೂ ಹಂಚಿದರು. ಕಣ್ಣಿನ ಆಪರೇಷನ್ ಆದ ಮನುಷ್ಯನ ಜೊತೆ ಡಬ್ಬಿ ಕಟ್ಟಿಕೊಂಡು ರಿಕ್ಷಾ ಹತ್ತಿದ ಅವರ ಮುಂದಾಲೋಚನೆಯನ್ನು ರಘುಪತಿ ಹೊಗಳಿದರು. "ಇವರ ಹತ್ತು ನಿಮಿಷ ಅಂದ್ರ ಎಷ್ಟ ಅಂತ ನನಗ ಗೊತ್ತೈತ್ರಿ," ಎಂದರು ಕಾಕು.

ತಿರುಪು ಅರ್ಧ ದಾರಿ ಇಳಿದಾಗ ವೋಲ್ಟೇಜು ನಿನ್ನೆಯ ಅಂಕಿಗೆ ಬಂತು. ಅಲ್ಲಿಗೆ ನಿಲ್ಲಲಿಲ್ಲ. ಇಳಿಸಿದಷ್ಟೂ ಏರಿತು. ಬಿಳಿ ಗೆರೆ ಗೆರೆಗೆ ಕೂಡಿಕೊಂಡಾಗ ಅಂಕಿ ಹೋದ ವರ್ಷದ ಹತ್ತಿರ ಹತ್ತಿರ ಇತ್ತು. ಶ್ರೀಲಕ್ಷ್ಮಿ ಜೋರಾಗಿ ಓದಿ ಹೇಳಿದಳು. ಭೀಮು ಇನ್ನೊಮ್ಮೆ ಓದು ಎಂದರು. ಅವಳು ಇನ್ನೊಮ್ಮೆ ಓದುತ್ತಿರುವಾಗಲೇ ಕೆಂಪು ಹೋಗಿ ಹಸಿರು ಬಂತು.

"ಹಸಿರು," ಎಂದರು ರಘುಪತಿ. ಕಾಣದವರಿಗೆ ಹೇಳಬೇಕಲ್ಲ ಎಂಬಂತೆ.

"ಹೀಟ್ ಗನ್ನಿನಿಂದ ನಾ ಏನ ಮಾಡಾವ ಇದ್ದೆ, ಅದನ್ನ ಇಕಿ ತಪ್ಪು ಕೇಳಿಸಿಕೊಂಡು ಮಾಡ್ಯಾಳ," ಎಂದರು ಭೀಮು. "ಗಾಜು ಸೀಳಲಿಲ್ಲ, ಅದು ನಮ್ಮ ದೈವ. ಇನ್ನೊಮ್ಮೆ ಹಿಂಗ ಮಾಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ."

ಶ್ರೀಲಕ್ಷ್ಮಿ ಅಪ್ಪನನ್ನು ನೋಡಿದಳು. ರಘುಪತಿ ಹಸಿರು ಲೈಟನ್ನು ನೋಡುತ್ತಲೇ ಇದ್ದರು.

"ಇದು ಸಾಲುದಿಲ್ಲ," ಎಂದರು. "ಈಗ ಬಿಸಿ ಉಂಟು, ಅದಕ್ಕೆ ಹಿಡಿದಿದೆ. ಪೂರ್ತಿ ಆರಿಸಿ, ತಣ್ಣಗೆ ಮಾಡಿ, ಮತ್ತೆ ಹೊತ್ತಿಸಿ ಲಾಕ್ ಆಗ್ಬೇಕು. ಒಂದು ಸಲ ಕರೆಂಟ್ ಹೋದ್ರೆ ಎದ್ದು ನಿಲ್ಲದ ಮೆಷಿನ್ ಮೇಲೆ ನಾನು ಸಹಿ ಹಾಕುದಿಲ್ಲ."

"ಅಪ್ಪ, ಹಳೇ ದೀಪ. ಆರಿಸಿದ್ರೆ ಹತ್ತದೇ ಇರಬಹುದು."

"ಹತ್ತದಿದ್ರೆ ಇವತ್ತೇ ಗೊತ್ತಾಗ್ಲಿ. ಸೋಮವಾರದ ನಂತರ ಗೊತ್ತಾಗುದು ಬೇಡ."

ಅವಳು ಭೀಮು ಅವರ ಕಡೆ ತಿರುಗಿದಳು. ಬೆಂಬಲ ಸಿಗಬಹುದೆಂದುಕೊಂಡಿದ್ದಳು.

"ನಿಮ್ಮಪ್ಪ ಹೇಳೋದು ಬರೋಬರಿ ಐತಿ," ಎಂದರು ಭೀಮು. "ನಾ ಅವ್ರ ಜಾಗಾದಾಗ ಇದ್ದಿದ್ರೂ ಅದನ್ನ ಹೇಳ್ತಿದ್ದೆ. ನೀನೂ ಬ್ಯಾರೆಯವ್ರ ಮೆಷಿನ್ನಿಗೆ ಅದನ್ನ ಹೇಳ್ತಿದ್ದಿ. ದೀಪಾ ದೊಡ್ಡದ ಮಾಡು."

ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದಳು. "ನಿಮ್ಮ ದೊಡ್ಡದಾ, ನಮ್ಮ ದೊಡ್ಡದಾ?"

"ನಮ್ಮದು."

ಹಸಿರು ಆರಿತು. ಫ್ಯಾನಿನ ಸದ್ದೂ ನಿಂತಿತು. ಬೆಂಚಿನ ಆ ಮೂಲೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಶ್ರೀಲಕ್ಷ್ಮಿ ಎಂದೂ ಕೇಳಿರಲಿಲ್ಲ.

ಪೆಟ್ಟಿಗೆ ತಣ್ಣಗಾಗುವವರೆಗೆ ಅವರು ಕಾದರು. ಭೀಮು ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದರು. ರಘುಪತಿ ತಮ್ಮ ಮೇಜಿಗೆ ಹೋಗಿ ಸೀವುಡ್ಸ್‌ನ ಹೋಟೆಲಿನಿಂದ ಬಂದ ಥರ್ಮಾಮೀಟರುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ನೋಡಿದರು. ಮುಚ್ಚಳ ಕೋಣೆಯ ಉಳಿದ ಸಾಮಾನಿನಷ್ಟೇ ತಣ್ಣಗಾಗಿದೆ ಎಂದು ಅವರೇ ಕೈ ಇಟ್ಟು ಹೇಳಿದ ಮೇಲೆ ಶ್ರೀಲಕ್ಷ್ಮಿ ಸ್ವಿಚ್ ಹಾಕಿದಳು.

ಕೆಂಪು ಬಂತು. ದೀಪದ ರಂಧ್ರ ಕಪ್ಪಾಗಿಯೇ ಇತ್ತು. ರಂಧ್ರಕ್ಕೆ ಕಣ್ಣು ಹತ್ತಿರ ಇಟ್ಟು ಅವಳು ನಿಂತಳು. ಕಾಕು ಏನೋ ಕೇಳಲು ಹೋದರು, ಭೀಮು ಕೈ ಎತ್ತಿ ತಡೆದರು.

"ಹತ್ತಿತು," ಎಂದಳು ಶ್ರೀಲಕ್ಷ್ಮಿ.

"ಬಣ್ಣ?"

"ನೇರಳೆ. ನಡುವೆ ತಿಳಿ ಇದೆ, ಅಂಚಿನಲ್ಲಿ ಬಳೆ ಹಾಗೆ."

"ಬಳಿ ಕಾಣಬೇಕು. ಅದ ಸರಿಯಾದ ಉರಿ," ಎಂದರು ಭೀಮು. ಕುರ್ಚಿಗೆ ಆರಾಮಾಗಿ ಒರಗಿದರು.

ಕೋಶ ಕಾಯಬೇಕು, ಹರಳು ಹುಡುಕಬೇಕು. ಚಹಾದವನು ಬಂದು ಖಾಲಿ ಗ್ಲಾಸು ಒಯ್ಯುವಷ್ಟರಲ್ಲಿ ಹಸಿರು ಬಂತು. ರಘುಪತಿ ಥರ್ಮಾಮೀಟರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನೋಡಿದರು. "ಆಯ್ತು," ಎಂದರು. "ಫ್ರೀಕ್ವೆನ್ಸಿ ಇರ್ಲಿ."

ಭೀಮು ಹೋಗುವ ಮುನ್ನ ಒಂದು ಎಚ್ಚರಿಕೆ ಕೊಟ್ಟರು. ದೀಪದ ಬೆಳಕು ಬದಲಾದರೆ ಮಿಡಿತವೂ ಒಂದು ಎಳೆಯಷ್ಟು ಬದಲಾಗುತ್ತದೆ, ಹಳೆಯ ಪ್ರಮಾಣಪತ್ರದ ಅಂಕಿ ಇನ್ನು ನಂಬುವಂತಿಲ್ಲ. ಭಾನುವಾರದವರೆಗೆ ಅದನ್ನು ಛಾವಣಿಯ ಮೇಲಿನ, ಉಪಗ್ರಹಗಳ ಸಮಯ ಹಿಡಿಯುವ ಜಿಪಿಎಸ್ ರಿಸೀವರಿನೊಂದಿಗೆ ಹೋಲಿಸುತ್ತಿರಬೇಕು. ಆಮೇಲೆ ದೊಡ್ಡ ಲ್ಯಾಬಿಗೆ ಕಳಿಸಿ ಹೊಸ ಪ್ರಮಾಣಪತ್ರ ತರಿಸಬೇಕು. ದೀಪ ಮತ್ತೆ ಮಬ್ಬಾಗುತ್ತದೆ, ಯಾವಾಗ ಎಂದು ಯಾರೂ ಹೇಳಲಾರರು. "ಆಗ ಕಾಯಿಸೋಣು," ಎಂದರು. "ಅವಾಗ ಗನ್ನು ನೀ ಹಿಡಿ. ನಾ ಕುರ್ಚಿ ಮ್ಯಾಲ ಕೂಡ್ತೀನಿ."

ಸೋಮವಾರ ಬೇಲಾಪುರದಿಂದ ಬಂದ ಪರೀಕ್ಷಕಿಯ ಹೆಸರು ಸುಮೇಧಾ. ಅವರು ತಕ್ಕಡಿ, ಥರ್ಮಾಮೀಟರು ಮುಗಿಸಿ ಮೂಲೆಯ ಬೆಂಚಿಗೆ ಬಂದು, ಪೆಟ್ಟಿಗೆಗೆ ಇತ್ತೀಚೆಗೆ ರಿಪೇರಿ ಆಗಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಆಗಿದೆ ಎಂದಳು ಶ್ರೀಲಕ್ಷ್ಮಿ. ಯಾವ ವಿಧಾನದಿಂದ ಎಂದರು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ದೊಡ್ಡದು ಮಾಡು ಎಂಬ ಮಾತನ್ನೂ ಬಿಡಲಿಲ್ಲ. ಜಿಪಿಎಸ್ ಹೋಲಿಕೆಯ ಗ್ರಾಫು ತೋರಿಸಿದಳು. ರಘುಪತಿ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

ಸುಮೇಧಾ ಗ್ರಾಫನ್ನು ಬಹಳ ಹೊತ್ತು ನೋಡಿದರು. ಹೊಸ ಪ್ರಮಾಣಪತ್ರ ಬರುವವರೆಗೆ ಈ ಬೆಂಚಿನಿಂದ ಯಾವ ವರದಿಯೂ ಹೊರಗೆ ಹೋಗಬಾರದು ಎಂಬ ಷರತ್ತು ಹಾಕಿ, ಮಾನ್ಯತೆಯ ಪಟ್ಟಿಯಲ್ಲಿ ಫ್ರೀಕ್ವೆನ್ಸಿಯ ಸಾಲನ್ನು ಹಾಗೆಯೇ ಉಳಿಸಿದರು. ಪೆನ್ನು ಮುಚ್ಚುತ್ತ ನಕ್ಕರು. "ಆಮಚೀ ಆಜೀಪಣ್ ದಿವಾ ವಿಝವ್ ಅಸಂ ಕಧೀ ಮ್ಹಣತ್ ನಸೇ," ಎಂದರು. ಅವರ ಅಜ್ಜಿಯೂ ದೀಪ ಆರಿಸು ಎಂದು ಎಂದೂ ಹೇಳುತ್ತಿರಲಿಲ್ಲವಂತೆ.

ಸಂಜೆ ರಘುಪತಿ ಚಪ್ಪಲಿ ಹಾಕಿಕೊಂಡು ಹೊರಗೆ ನಿಂತು, ಬೀಗ ಕೈಯಲ್ಲಿ ಹಿಡಿದು ಕರೆದರು.

"ಶ್ರೀ, ಟ್ಯೂಬ್‌ಲೈಟ್ ದೊಡ್ಡದು ಮಾಡಿ ಬಾ."

ಒಳಗಿನಿಂದ ಅವಳು ಕೇಳಿದಳು. "ಪೂರ್ತಿ?"

"ಅರ್ಧ ಮಾಡ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಅವಳು ಎಲ್ಲ ಸ್ವಿಚ್ಚುಗಳನ್ನೂ ಆರಿಸಿದಳು, ಮೂಲೆಯದೊಂದನ್ನು ಬಿಟ್ಟು.